ಜಂತುಹುಳು ಇದ್ದರೆ ಅಲರ್ಜಿ ಬರುವುದಿಲ್ಲವೇ?

ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ಬಂದಾಗ ಕೆಲವರು ಹೀಗೆ ಕೇಳುವುದುಂಟು: "ಹೊಟ್ಟೆಯಲ್ಲಿ ಸ್ವಲ್ಪ ಹುಳ ಇದ್ದರೆ ಅಲರ್ಜಿ ಬರುವುದಿಲ್ಲವಂತೆ. ಮತ್ತೆ ಮಾತ್ರೆ ಯಾಕೆ?" ಈ ಮಾತು ಪೂರ್ತಿ ಗಾಳಿಸುದ್ದಿಯಲ್ಲ. ಇದರ ಹಿಂದೆ ಗಂಭೀರವಾದ ಸಂಶೋಧನೆಯಿದೆ. ಆದರೆ ಸಂಶೋಧನೆ ಹೇಳಿದ್ದು ಒಂದು, ನಮ್ಮ ಕಿವಿಗೆ ಬಿದ್ದದ್ದು ಇನ್ನೊಂದು.

ಕಾಲಿಗೆ ಸಣ್ಣ ಮುಳ್ಳು ಚುಚ್ಚಿದರೂ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಹೊರಗಿನಿಂದ ಬಂದದ್ದನ್ನು ಹೊರಹಾಕಲು ನಮ್ಮ ರೋಗನಿರೋಧಕ ವ್ಯವಸ್ಥೆ ನಡೆಸುವ ಹೋರಾಟವಿದು. ಹಾಗಿರುವಾಗ ಗೇಣುದ್ದದ ದುಂಡುಹುಳು ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯುವುದು ಹೇಗೆ? ಹುಳುಗಳು ಹೊರಸೂಸುವ ಕೆಲವು ವಸ್ತುಗಳು ಈ ಹೋರಾಟವನ್ನು ತಣ್ಣಗಾಗಿಸುತ್ತವೆ. ಕಾವಲುಗಾರನನ್ನು ತೂಕಡಿಸುವಂತೆ ಮಾಡಿ ಮನೆಯೊಳಗೆ ಉಳಿದುಕೊಂಡಂತೆ.

ಈ ವಿಷಯವನ್ನು ದಶಕಗಳಿಂದ ಅಧ್ಯಯನ ಮಾಡುತ್ತಿರುವವರಲ್ಲಿ ಇರಾನ್ ಮೂಲದ ವಿಜ್ಞಾನಿ ಮರಿಯಾ ಯಜ್ದಾನ್‌ಬಖ್ಶ್ ಪ್ರಮುಖರು. ಅವರು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಪ್ರಾಧ್ಯಾಪಕಿ. 2021ರಲ್ಲಿ ಆ ದೇಶದ ದೊಡ್ಡ ವಿಜ್ಞಾನ ಗೌರವವಾದ ಸ್ಪಿನೋಜಾ ಪ್ರಶಸ್ತಿ ಅವರಿಗೆ ಸಂದಿತು.

ಆಫ್ರಿಕಾದ ಗಬಾನ್ ದೇಶದಲ್ಲಿ ಅವರ ತಂಡ 520 ಶಾಲಾ ಮಕ್ಕಳನ್ನು ಪರೀಕ್ಷಿಸಿತು. ಅಲ್ಲಿ ನದಿ-ಕೆರೆಗಳ ನೀರಿನಿಂದ ಚರ್ಮದ ಮೂಲಕ ದೇಹ ಸೇರಿ ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ಬದುಕುವ ಸ್ಕಿಸ್ಟೊಸೋಮ ಎಂಬ ಹುಳು ಸಾಮಾನ್ಯ. ಮಕ್ಕಳ ಕೈಯ ಚರ್ಮದ ಮೇಲೆ ಮನೆ ಧೂಳಿನ ನುಸಿಯ ಸಾರವನ್ನು ಹಾಕಿ ಸೂಜಿಮೊನೆ ತಾಗಿಸಲಾಯಿತು. ಅಲರ್ಜಿಯ ಒಲವು ಇದ್ದವರಿಗೆ ಅಲ್ಲಿ ಗುಳ್ಳೆ ಏಳುತ್ತದೆ. ಹುಳು ಇದ್ದ ಮಕ್ಕಳಲ್ಲಿ ಗುಳ್ಳೆ ಎದ್ದದ್ದು ಕಡಿಮೆ. ಹುಳುವಿನ ಪ್ರಭಾವದಿಂದ ದೇಹದಲ್ಲಿ ಹೆಚ್ಚುವ ಇಂಟರ್‌ಲ್ಯೂಕಿನ್-10 ಎಂಬ ಶಮನಕಾರಿ ವಸ್ತು ಇದಕ್ಕೆ ಕಾರಣವಿರಬಹುದೆಂದು ತಂಡ 2000ದಲ್ಲಿ ವರದಿ ಮಾಡಿತು. ಕರುಳಿನ ಹುಳುಗಳಿಗೆ ಮತ್ತೆ ಮತ್ತೆ ಔಷಧಿ ಕೊಟ್ಟಾಗ ಗುಳ್ಳೆ ಏಳುವ ಮಕ್ಕಳು ಹೆಚ್ಚಾದರೆಂದು 2004ರ ಇನ್ನೊಂದು ವರದಿ ತಿಳಿಸಿತು.

ಜನರ ಬಾಯಿಗೆ ಬಂದದ್ದು ಇಷ್ಟು ಭಾಗ ಮಾತ್ರ. ಮುಂದಿನದನ್ನೂ ಕೇಳಬೇಕು. ಚರ್ಮದಲ್ಲಿ ಗುಳ್ಳೆ ಎದ್ದ ಮಾತ್ರಕ್ಕೆ ಉಬ್ಬಸ ಬಂತೆಂದು ಅರ್ಥವಲ್ಲ. ಇದೇ ತಂಡ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಸ್ಥಳೀಯ ಸಂಶೋಧಕರೊಡನೆ ಸೇರಿ ಮೂರು ತಿಂಗಳಿಗೊಮ್ಮೆ ಆಲ್ಬೆಂಡಜೋಲ್ ಮಾತ್ರೆ ಕೊಟ್ಟು ನೋಡಿತು. ಸುಮಾರು ಎರಡು ವರ್ಷ ಕಳೆದರೂ ಅಲರ್ಜಿ ಗಮನಾರ್ಹವಾಗಿ ಹೆಚ್ಚಲಿಲ್ಲ.

ತೂಕಡಿಸುವ ಕಾವಲುಗಾರ ಅಲರ್ಜಿಯ ಮುಂದೆ ಮಾತ್ರ ತೂಕಡಿಸುವುದಿಲ್ಲ. ಹುಳು ಇರುವವರಲ್ಲಿ ಕೆಲವು ಲಸಿಕೆಗಳು ಅಷ್ಟಾಗಿ ಹತ್ತದಿರುವುದೂ ಕಂಡುಬಂದಿದೆ. ಕೊಕ್ಕೆಹುಳು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ರಕ್ತಹೀನತೆಯಿಂದ ಮಗು ಬಿಳಚಿಕೊಂಡು ಬೇಗ ದಣಿಯುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ದುಂಡುಹುಳುಗಳು ಹೆಚ್ಚಾದರೆ ಕರುಳೇ ಕಟ್ಟಿಕೊಳ್ಳಬಹುದು. ವಿಜ್ಞಾನಿಗಳು ಹುಡುಕುತ್ತಿರುವುದು ಹುಳುವನ್ನು ಉಳಿಸಿಕೊಳ್ಳುವ ದಾರಿಯನ್ನಲ್ಲ. ಅದು ಬಳಸುವ ಶಮನಕಾರಿ ವಸ್ತುವನ್ನು ಬೇರ್ಪಡಿಸಿ, ಮುಂದೆ ಉಬ್ಬಸದಂತಹ ಕಾಯಿಲೆಗಳಿಗೆ ಔಷಧಿ ಮಾಡಬಹುದೇ ಎಂಬುದು ಅವರ ಪ್ರಶ್ನೆ.

ಆದ್ದರಿಂದ ಮಾತ್ರೆ ತಪ್ಪಿಸಬೇಡಿ. ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ ಮತ್ತು ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಉಚಿತವಾಗಿ ಸಿಗುತ್ತದೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಮಿನ ಒಂದು ಮಾತ್ರೆ, ಅದಕ್ಕಿಂತ ಚಿಕ್ಕವರಿಗೆ ಅರ್ಧ ಮಾತ್ರೆ. ದೊಡ್ಡ ಮಕ್ಕಳು ಜಗಿದು ತಿನ್ನಬೇಕು, ಚಿಕ್ಕವರಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಹುಳು ಹೆಚ್ಚಿದ್ದ ಮಕ್ಕಳಿಗೆ ತುಸು ಹೊಟ್ಟೆನೋವು, ವಾಕರಿಕೆ ಆಗಬಹುದು. ಸಾಮಾನ್ಯವಾಗಿ ಅದು ಬೇಗ ಇಳಿಯುತ್ತದೆ. ಜ್ವರ ಅಥವಾ ಬೇರೆ ಕಾಯಿಲೆ ಇರುವ ಮಗುವಿಗೆ ಆ ದಿನ ಕೊಡದೆ ವೈದ್ಯರನ್ನು ಕೇಳಿ.

ಮಾತ್ರೆ ಇರುವ ಹುಳುವನ್ನು ಕೊಲ್ಲುತ್ತದೆ, ಹೊಸದು ಬರುವುದನ್ನು ತಡೆಯುವುದಿಲ್ಲ. ಶೌಚದ ನಂತರ, ಊಟದ ಮೊದಲು ಸಾಬೂನಿನಿಂದ ಕೈ ತೊಳೆಯುವುದು, ಉಗುರು ಕತ್ತರಿಸುವುದು, ಅಂಗಳಕ್ಕಿಳಿಯುವಾಗ ಚಪ್ಪಲಿ ಹಾಕುವುದು, ಹಸಿಯಾಗಿ ತಿನ್ನುವ ತರಕಾರಿಯನ್ನು ಚೆನ್ನಾಗಿ ತೊಳೆಯುವುದು, ಎಲ್ಲರೂ ಶೌಚಾಲಯವನ್ನೇ ಬಳಸುವುದು, ಇವೆಲ್ಲ ಮನೆಯಲ್ಲಿ ನಾವೇ ರೂಢಿಸಬೇಕಾದ ಅಭ್ಯಾಸಗಳು.