ನೆಲ ನೋಡಿ ಗಾಲಿ ಕಟ್ಟಬೇಕು

“ಇದರಲ್ಲಿ ಕೂತು ಆ ಮರಳು ದಾಟಿ ನೋಡಿ ಸರ್” ಎಂದರು ಫಿಸಿಯೋಥೆರಪಿಸ್ಟ್. ಬೆಂಗಳೂರಿನ ಹೊರವಲಯದ ಗಾಲಿಕುರ್ಚಿ ಕಾರ್ಯಾಗಾರವೊಂದರ ಅಂಗಳ. ಮೂಲೆಯಲ್ಲಿ ಹರಡಿದ್ದ ಎಂ-ಸ್ಯಾಂಡ್. ಮೊದಲು ಕೂತದ್ದು ಆಸ್ಪತ್ರೆಗಳಲ್ಲಿ ನಾವೆಲ್ಲ ಕಂಡಿರುವ ಮಡಚುವ ಕುರ್ಚಿಯಲ್ಲಿ. ಎರಡು ಮಾರು ಹೋಗುವಷ್ಟರಲ್ಲಿ ಮುಂದಿನ ಪುಟ್ಟ ಗಾಲಿಗಳು ಅಡ್ಡ ತಿರುಗಿ ಹೂತುಕೊಂಡವು. ತೋಳು ಸೋತಿತು, ಕುರ್ಚಿ ಅಲುಗಲಿಲ್ಲ. ಆಮೇಲೆ ಮೂರು ಗಾಲಿಯದು. ಮುಂದೆ ಒಂದೇ ಗಾಲಿ, ಪಾದಗಳಿಗಿಂತಲೂ ಆಚೆ ಚಾಚಿಕೊಂಡದ್ದು, ಅಗಲ ರಬ್ಬರಿನದು. ಅದೇ ಮರಳು, ಅದೇ ತೋಳು. ದಾಟಿಬಿಟ್ಟೆ! ಅಂದಿನಿಂದ ಎಲ್ಲಿ ಗಾಲಿಕುರ್ಚಿ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಮುಂದಿನ ಗಾಲಿಗೆ.

ಆ ಫಿಸಿಯೋಥೆರಪಿಸ್ಟ್ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ಕುಟುಪಾಲಂಗ್ ಶಿಬಿರದಲ್ಲಿ ಕೆಲಸ ಮಾಡಿ ಬಂದವರು. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನಿಂದ ಓಡಿಬಂದ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾಗಳಲ್ಲಿ ಬಹುಪಾಲು ಜನ ನೆಲೆಯಾದದ್ದು ಅಲ್ಲಿಯ ಮಣ್ಣುಗುಡ್ಡಗಳ ಮೇಲೆ. ಬಿದಿರು, ಟಾರ್ಪಾಲಿನ ಗುಡಿಸಲು. ಮಳೆ ಹಿಡಿದರೆ ಕಾಲು ಜಾರುವ ಇಳಿಜಾರು. ನಡೆಯಲಾಗದ ತಾಯಿ ತಂದೆಯರನ್ನು ಮಕ್ಕಳು ಬುಟ್ಟಿಯಲ್ಲಿ ಕೂರಿಸಿ, ಬಿದಿರಿನ ಅಡ್ಡೆಗೆ ತೂಗುಹಾಕಿ ಗಡಿ ದಾಟಿಸಿದ್ದರು. “ಕಕ್ಕಸಿಗೆ ಎತ್ತಿಕೊಂಡು ಹೋಗಬೇಕಲ್ಲ ಅಂತ ನೀರೇ ಕುಡಿಯದೆ ಕೂರೋರಿದ್ದರು ಸರ್.”

ಅಂಥ ನೆಲಕ್ಕೆ ಆಸ್ಪತ್ರೆಯ ಕುರ್ಚಿ ದಾನ ಕೊಟ್ಟರೆ ಅದು ಬರೀ ಆಸನ. ಮೂರು ಗಾಲಿಯ ಗುಟ್ಟು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ: ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ಓಲಾಡುವುದಿಲ್ಲ. ಹಳ್ಳದಿಣ್ಣೆಯಲ್ಲೂ ಮೂರೂ ನೆಲ ಬಿಡುವುದಿಲ್ಲ. ಮುಂದಿನ ಗಾಲಿ ದೂರವಿರುವುದರಿಂದ ಇಳಿಜಾರಿನಲ್ಲಿ ಮುಗ್ಗರಿಸುವ ಭಯ ಕಡಿಮೆ. ಅಗಲವಿರುವುದರಿಂದ ಭಾರ ಹಂಚಿಹೋಗಿ ಕೆಸರಿನಲ್ಲಿ ಇಳಿಯುವುದೂ ಕಡಿಮೆ. ಕೊರತೆಯೂ ಇದೆ. ಉದ್ದ ಹೆಚ್ಚಾದ್ದರಿಂದ ಗುಡಿಸಲಿನೊಳಗೆ ತಿರುಗಿಸುವುದು ಕಷ್ಟ.

ಈ ಗಾಲಿಯ ಹುಚ್ಚು ಹತ್ತಿದ ದೊಡ್ಡವರೊಬ್ಬರಿದ್ದಾರೆ, ಅಮೆರಿಕದ ರಾಲ್ಫ್ ಹಾಚ್‌ಕಿಸ್. 1966ರ ಮೋಟರ್‌ಸೈಕಲ್ ಅಪಘಾತದ ನಂತರ ಸ್ವತಃ ಗಾಲಿಕುರ್ಚಿಯಲ್ಲೇ ಬದುಕಿದ ಎಂಜಿನಿಯರ್. 1980ರಲ್ಲಿ ನಿಕರಾಗುವಾಕ್ಕೆ ಹೋದಾಗ ಒಂದೇ ಕುರ್ಚಿಯನ್ನು ಹಲವು ಯುವಕರು ಹಂಚಿಕೊಂಡು ಬಳಸುತ್ತಿದ್ದರು, ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ಆ ಯುವಕರಿಂದ ಹಾಚ್‌ಕಿಸ್ ಕಲಿತರು. ಹಾಚ್‌ಕಿಸ್‌ರ ‘ರಫ್‌ರೈಡರ್’ ಕುರ್ಚಿಗೆ ಮುಂದೆ ಇರುವ ಅಗಲ ರಬ್ಬರ್ ಗಾಲಿಗಳ ಹೆಸರು ‘ಜಿಂಬಾಬ್ವೆ ವೀಲ್’. ಹುಟ್ಟಿದ ನಾಡಿನ ಹೆಸರನ್ನೇ ಹೊತ್ತು ತಿರುಗುವ ಗಾಲಿ!

ನಿರಾಶ್ರಿತರ ಶಿಬಿರಕ್ಕೂ ಇಂಥ ತಂತ್ರಜ್ಞಾನಕ್ಕೂ ನಂಟು ಹಳೆಯದು. 1982ರಲ್ಲಿ ಥಾಯ್ಲೆಂಡ್ ಗಡಿಯ ಶಿಬಿರಗಳಲ್ಲಿ, ನೆಲಬಾಂಬಿಗೆ ಕಾಲು ಕಳೆದುಕೊಂಡ ಕಾಂಬೋಡಿಯನ್ನರಿಗೆ ಫ್ರಾನ್ಸಿನ ವೈದ್ಯರು ಬಿದಿರಿನಂಥ ಸ್ಥಳೀಯ ಸಾಮಗ್ರಿಯಿಂದಲೇ ಕೃತಕ ಕಾಲು ಮಾಡಿಸಿದರು. ‘ಹ್ಯಾಂಡಿಕ್ಯಾಪ್ ಇಂಟರ್‌ನ್ಯಾಷನಲ್’ ಸಂಸ್ಥೆ ಹುಟ್ಟಿದ್ದು ಹಾಗೆ. ಇದೇ ಸಂಸ್ಥೆ ಈಚೆಗೆ ತ್ರೀಡಿ ಮುದ್ರಣದ ಕೃತಕ ಅಂಗಗಳನ್ನೂ ಪರೀಕ್ಷಿಸಿದೆ. ತಂತ್ರಜ್ಞರು ತಲುಪಲಾಗದ ಕಡೆ ಅಳತೆಯನ್ನಾದರೂ ಸ್ಕ್ಯಾನರಿನಿಂದ ಕಳಿಸಬಹುದು, ಒಪ್ಪುತ್ತೇನೆ. ಆದರೆ ಯಂತ್ರ ಕೆಟ್ಟ ದಿನ ಅದನ್ನು ಶಿಬಿರದಲ್ಲಿ ಬಿಚ್ಚುವವರು ಯಾರು? ಸೈಕಲ್ ಶಾಪಿನಲ್ಲಿ ಸರಿಹೋಗುವ ವಸ್ತುವಿನ ಮೇಲೆಯೇ ನನಗೆ ನಂಬಿಕೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯೂ ಕುರ್ಚಿ ಕೊಟ್ಟು ಕೈತೊಳೆದುಕೊಳ್ಳಲು ಬಿಡುವುದಿಲ್ಲ: ಅಳತೆ, ಹೊಂದಿಸುವಿಕೆ, ತರಬೇತಿ, ದುರಸ್ತಿ ಎಲ್ಲವೂ ಸೇರಿದರೇ ಸೇವೆ.

ಕಾರ್ಯಾಗಾರದಿಂದ ಹೊರಡುವಾಗ ಫಿಸಿಯೋಥೆರಪಿಸ್ಟ್ ಮೊಬೈಲಿನಲ್ಲಿ ಶಿಬಿರದ ಒಂದು ಫೋಟೊ ತೋರಿಸಿದರು. ಕಕ್ಕಸಿನ ಮುಂದೆ ಮೆಟ್ಟಿಲಿನ ಬದಲು ಇಳಿಜಾರು, ಪಕ್ಕದಲ್ಲಿ ಬಿದಿರಿನ ಹಿಡಿಕಂಬಿ. ಹೊರಗೆ ನಿಂತ ಮೂರು ಗಾಲಿಯ ಕುರ್ಚಿಗೆ ಅಚ್ಚಿನ ತನಕ ಕೆಸರು. ನಾನು ಇಳಿಜಾರಿನ ಬಗ್ಗೆ ಕೇಳಿದೆ. ಅವರ ಬೆರಳು ಹೋದದ್ದು ಗಾಲಿಯ ಕಡೆಗೆ.

“ಆ ಕೆಸರು ನೋಡಿ ಸರ್. ನಾವು ಯಾರೂ ಇಲ್ಲದಾಗ ಹುಡುಗ ಎಲ್ಲೋ ಸುತ್ತಾಡಿಕೊಂಡು ಬಂದಿದ್ದಾನೆ.”