ಶಹರದ ಕಸ ಹೊಲಕ್ಕೆ ಬರುವ ಮುನ್ನ



ದನಕರುಗಳು ಕಡಿಮೆಯಾದ ಮೇಲೆ ನಮ್ಮ ಭಾಗದಲ್ಲಿ ತಿಪ್ಪೆಗೊಬ್ಬರದ ಅಭಾವ ಎಷ್ಟಿದೆ ಎಂಬುದನ್ನು ತಮಗೆ ಬೇರೆ ಹೇಳಬೇಕಾಗಿಲ್ಲ. ಎಕರೆಗೆ ಎಂಟು-ಹತ್ತು ಟನ್ ಗೊಬ್ಬರ ಹಾಕಿರಿ ಎಂದು ನಾವು ಪ್ರತಿ ರೈತ ಮೇಳಾವ್ಯದಲ್ಲಿ ಹೇಳುತ್ತೇವೆ. "ಎಲ್ಲಿಂದ ತರೂಣ್ರಿ ಸಾಹೇಬ್ರ?" ಎಂದು ತಾವು ಕೇಳುತ್ತೀರಿ. ಈಚೆಗೆ ಗಟ್ ಕಚೇರಿಗೆ ಬರುವ ಸಭಾಸದರು ಇನ್ನೊಂದು ಪ್ರಶ್ನೆಯನ್ನೂ ತರುತ್ತಿದ್ದಾರೆ: "ಶಹರದ ಕಸದ ಗೊಬ್ಬರ ಅಗ್ಗಕ್ಕ ಸಿಗ್ತದಂತ. ಕಬ್ಬಿಗೆ ಹಾಕಬಹುದೇನ್ರಿ?"

ಇದಕ್ಕೆ ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲು ಬರುವುದಿಲ್ಲ. ಆ ಕಸ ಶಹರದಲ್ಲಿ ಹೇಗೆ ಕೂಡಿತು, ಯಾರ ಕೈಯಲ್ಲಿ ಬೇರೆಯಾಯಿತು, ಎಲ್ಲಿ ಕೊಳೆಯಿತು ಎಂಬುದರ ಮೇಲೆ ಗೊಬ್ಬರದ ಗುಣ ನಿಂತಿದೆ. ಆದ್ದರಿಂದ ಮೊದಲು ಶಹರದ ಕಸದ ದಾರಿಯನ್ನೇ ನೋಡೋಣ. ನಮ್ಮಲ್ಲಿ ಅನೇಕರು ಹೋಗಿ ಬರುವ ಪುಣೆ ಶಹರವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಒಂದು ದಿನದ ಕಸ ಎಷ್ಟು?

ಪುಣೆಯಲ್ಲಿ ದಿನವೊಂದಕ್ಕೆ ಬೀಳುವ ಕಸ 2,000 ಟನ್ನಿಗೂ ಮಿಕ್ಕಿದ್ದು. ದಿನಕ್ಕೆ 2,500 ಟನ್ ಕಬ್ಬು ನುರಿಸುವ ಕಾರಖಾನೆಯ ಕಾಟಾದ ಮುಂದೆ ಹಂಗಾಮಿನಲ್ಲಿ ನಿಲ್ಲುವ ಟ್ರ್ಯಾಕ್ಟರು, ಟ್ರಕ್ಕು, ಬಂಡಿಗಳ ಸಾಲನ್ನು ತಾವು ನೋಡಿದ್ದೀರಿ. ಹೆಚ್ಚು ಕಡಿಮೆ ಅಷ್ಟೇ ಮಾಲು ಆ ಶಹರದ ಮನೆ, ಹೋಟೆಲು, ಮಂಡಿಗಳಿಂದ ದಿನಾಲೂ ಹೊರಬೀಳುತ್ತದೆ. ನಮ್ಮ ಹಂಗಾಮಾದರೂ ಕೆಲವು ತಿಂಗಳಿಗೆ ಮುಗಿಯುತ್ತದೆ. ಅವರ ಹಂಗಾಮು ವರ್ಷದ ಹನ್ನೆರಡು ತಿಂಗಳೂ ನಡೆಯುತ್ತದೆ.

ಈ ಕಸದಲ್ಲಿ ಸುಮಾರು ಅರ್ಧದಷ್ಟು ಹಸಿ ಕಸ: ತರಕಾರಿ ಸಿಪ್ಪೆ, ಉಳಿದ ಅನ್ನ, ಹೂವು, ಎಲೆ. ಇದು ಕೊಳೆಯುವ ಮಾಲು, ಗೊಬ್ಬರವಾಗುವ ಮಾಲು. ಇನ್ನುಳಿದದ್ದರಲ್ಲಿ ಕಾಗದ, ರಟ್ಟು, ಪ್ಲಾಸ್ಟಿಕ್, ಡಬ್ಬಿ, ಗಾಜು ಮೊದಲಾದ ಒಣ ಕಸ, ಮಣ್ಣು ಮತ್ತು ಕಲ್ಲು. ತೂಕದಲ್ಲಿ ಸ್ವಲ್ಪವೇ ಆದರೂ ಎಲ್ಲಕ್ಕಿಂತ ಅಪಾಯದ್ದು ಮೂರನೆಯ ಜಾತಿ: ಬ್ಯಾಟರಿ ಸೆಲ್, ಟ್ಯೂಬ್‌ಲೈಟ್, ಬಣ್ಣದ ಡಬ್ಬಿ, ಔಷಧಿ ಬಾಟಲಿ, ಕೀಟನಾಶಕದ ಡಬ್ಬಿ.

ಈ ಜಾತಿಗಳು ಒಂದೇ ಬುಟ್ಟಿಯಲ್ಲಿ ಬಿದ್ದವೆಂದರೆ ಹಸಿ ಕಸದ ನೀರು ಕಾಗದವನ್ನು ಕೆಡಿಸುತ್ತದೆ, ಗಾಜಿನ ಚೂರು ಹಸಿ ಕಸದಲ್ಲಿ ಸೇರುತ್ತದೆ, ಒಡೆದ ಸೆಲ್‌ನೊಳಗಿನ ಸೀಸ-ಕ್ಯಾಡ್ಮಿಯಂ ಎಲ್ಲದರಲ್ಲೂ ಬೆರೆಯುತ್ತದೆ. ಆಮೇಲೆ ಎಷ್ಟು ದೊಡ್ಡ ಯಂತ್ರ ತಂದರೂ ಪೂರ್ತಿ ಬೇರೆ ಮಾಡಲು ಆಗುವುದಿಲ್ಲ. ರವದಿ, ಬೇರು, ಮಣ್ಣು ಕೂಡಿದ ಕಬ್ಬು ಗಾಣಕ್ಕೆ ಬಂದರೆ ಉತಾರ ಬೀಳುತ್ತದೆಂದೂ, ಕಬ್ಬನ್ನು ಹೊಲದಲ್ಲಿಯೇ ಸ್ವಚ್ಛ ಮಾಡಬೇಕೆಂದೂ ತಮಗೆ ಗೊತ್ತು. ಶಹರದ ಕಸಕ್ಕೂ ಇದೇ ಮಾತು. ಅದನ್ನು ಮನೆಯ ಹೊಸ್ತಿಲಲ್ಲಿಯೇ ಬೇರೆ ಮಾಡಬೇಕು.

ಮನೆಯಲ್ಲಿಯೇ ಬೇರೆ ಮಾಡಬೇಕೆಂಬುದು 2000ನೆಯ ಇಸವಿಯ ಕೇಂದ್ರ ಸರಕಾರದ ನಿಯಮಗಳಲ್ಲಿಯೇ ಬಂದಿತ್ತು. 2016ರ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಿಯೇ ಕಸ ಕೊಡಬೇಕೆಂದು ಸ್ಪಷ್ಟವಾಗಿ ಹೇಳಿದವು. ಕಾಗದದ ಮೇಲಿನ ನಿಯಮವನ್ನು ಬಾಗಿಲಿಗೆ ಒಯ್ಯಲು ಮಾತ್ರ ಮನುಷ್ಯರೇ ಬೇಕು.

ಬಾಗಿಲಿಗೆ ಬರುವವರು

ಈ ಕೆಲಸವನ್ನು ಪುಣೆಯಲ್ಲಿ ಬಹುಮಟ್ಟಿಗೆ ಮಾಡುತ್ತಿರುವವರು ಹಿಂದೆ ಬೀದಿ ಬೀದಿ ತಿರುಗಿ ಕಾಗದ, ಭಂಗಾರ ಆಯುತ್ತಿದ್ದ ಬಡ ಹೆಣ್ಣುಮಕ್ಕಳು. 1972ರ ಬರಗಾಲವನ್ನು ಜತ್ತ, ಅಕ್ಕಲಕೋಟೆ ಕಡೆಯ ಹಿರಿಯರು ಇನ್ನೂ ಮರೆತಿಲ್ಲ. ಆ ಬರದಲ್ಲಿ ಊರು ಬಿಟ್ಟು ಪುಣೆ ಸೇರಿದ ಅನೇಕ ಕುಟುಂಬಗಳ ಹೆಂಗಸರು ಕಸದ ಕುಂಡಿಯಲ್ಲಿ ಕೈಹಾಕಿ ಹೊಟ್ಟೆ ಹೊರೆದರು. ಅವರನ್ನು ಜನ ಕಳ್ಳರಂತೆ ನೋಡುತ್ತಿದ್ದರು.

1993ರಲ್ಲಿ ಇವರೆಲ್ಲ ಕೂಡಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘಟನೆ ಕಟ್ಟಿದರು. ಹಮಾಲರ ಸಂಘಟನೆ ಕಟ್ಟಿದ ಡಾ. ಬಾಬಾ ಆಢಾವ ಅವರ ಬೆಂಬಲ ಇದಕ್ಕಿತ್ತು. ಮುಂದೆ ಈ ಸದಸ್ಯರದೇ ಒಂದು ಸಹಕಾರಿ ಸಂಸ್ಥೆ 'ಸ್ವಚ್ಛ' ಎಂಬ ಹೆಸರಿನಿಂದ ಹುಟ್ಟಿ, 2008ರಲ್ಲಿ ಪುಣೆ ಮಹಾನಗರಪಾಲಿಕೆಯೊಡನೆ ಕರಾರು ಮಾಡಿಕೊಂಡಿತು. ನಾವು ಕಬ್ಬು ಬೆಳೆಗಾರರು ಕೂಡಿ ಕಾರಖಾನೆ ಕಟ್ಟಿದಂತೆಯೇ ಅವರು ಕಸದ ಕೆಲಸಕ್ಕೆ ಸಹಕಾರಿ ಕಟ್ಟಿದರು.

ಕೆಲಸದ ರೀತಿ ಹೀಗಿದೆ. ಇಬ್ಬರು ಸದಸ್ಯೆಯರು ತಳ್ಳುಗಾಡಿ ತೆಗೆದುಕೊಂಡು ತಮ್ಮ ಪಾಲಿಗೆ ಬಂದ ಮನೆಗಳ ಬಾಗಿಲಿಗೆ ಹೋಗುತ್ತಾರೆ. ಹಸಿ ಕಸ ಒಂದು ಬುಟ್ಟಿಗೆ, ಒಣ ಕಸ ಇನ್ನೊಂದಕ್ಕೆ. ಮನೆಯವರು ತಿಂಗಳಿಗೆ ಇಷ್ಟೆಂದು ಸೇವಾಶುಲ್ಕವನ್ನು ಅವರ ಕೈಗೇ ಕೊಡುತ್ತಾರೆ. ಒಣ ಕಸದಲ್ಲಿನ ಕಾಗದ, ಪ್ಲಾಸ್ಟಿಕ್, ತಗಡು, ಗಾಜನ್ನು ಮತ್ತೆ ಜಾತಿವಾರು ವಿಂಗಡಿಸಿ ಭಂಗಾರದ ಅಂಗಡಿಗೆ ಮಾರುತ್ತಾರೆ. ಆ ಹಣವೂ ಅವರದೇ. ಹಸಿ ಕಸವನ್ನು ನಿಗದಿ ಮಾಡಿದ ಜಾಗದಲ್ಲಿ ಪಾಲಿಕೆಯ ಗಾಡಿಗೆ ಹಾಕುತ್ತಾರೆ.

ಬೆರೆತ ಕಸ ಕೊಟ್ಟರೆ ಮೊದಲು ಕೊಯ್ಯುವುದು ಅವರ ಕೈ. ಆದ್ದರಿಂದಲೇ ಬಳಸಿದ ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ ಕೊಡಿರೆಂದು ಅವರು ಮನೆಮನೆಗೆ ಹೇಳಿ ರೂಢಿ ಮಾಡಿಸಿದರು. ತಮ್ಮ ಹೊಲಕ್ಕೆ ಬರಬಹುದಾದ ಗೊಬ್ಬರವನ್ನು ಮೊದಲು ಸ್ವಚ್ಛ ಮಾಡುವುದು ಇಂಥ ಕೈಗಳೇ.

ಬೇರೆಯಾದ ಮೇಲೆ ಯಾವುದು ಎಲ್ಲಿಗೆ?

ಹಸಿ ಕಸಕ್ಕೆ ಎರಡು ದಾರಿ. ಒಂದು, ಗಾಳಿಯಾಡದ ಟಾಕಿಯಲ್ಲಿ ಹಾಕಿ ಗೋಬರ್ ಗ್ಯಾಸಿನಂತೆ ಅನಿಲ ತೆಗೆಯುವುದು. ಇನ್ನೊಂದು, ಉದ್ದುದ್ದ ರಾಶಿ ಹಾಕಿ ತಿರುವುತ್ತ ಕೊಳೆಸುವುದು. ಸರಿಯಾಗಿ ಕೊಳೆಯುವ ರಾಶಿಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಈ ಶಾಖದಲ್ಲಿ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ವಾರಗಟ್ಟಲೆ ತಿರುವಿ, ಶಾಖ ಇಳಿದ ಮೇಲೆ ಜರಡಿ ಹಿಡಿಯುತ್ತಾರೆ. ಹತ್ತು ಟನ್ ಹಸಿ ಕಸಕ್ಕೆ ಸುಮಾರು ಎರಡು ಟನ್ ಗೊಬ್ಬರ ಸಿಗುತ್ತದೆ.

ಮಾರಲು ಬಾರದ ಪ್ಲಾಸ್ಟಿಕ್, ಚಿಂದಿ ಮೊದಲಾದವು ಸಿಮೆಂಟ್ ಕಾರಖಾನೆಗಳ ಭಟ್ಟಿಗೆ ಉರುವಲಾಗಿ ಹೋಗುತ್ತವೆ. ಯಾವುದಕ್ಕೂ ಬಾರದ್ದನ್ನು ಮಾತ್ರ, ತಳಕ್ಕೆ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಹೂಳಬೇಕು.

ಬೇರೆಯಾಗದಿದ್ದರೆ ಏನಾಗುತ್ತದೆ?

ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟಿಗೆ ತರಬೇತಿಗೆ ಹೋದ ಸಭಾಸದರಿಗೆ ಆ ಸುತ್ತಿನ ಫುರಸುಂಗಿ ಮತ್ತು ಉರುಳಿ ದೇವಾಚಿ ಎಂಬ ಊರುಗಳ ಹೆಸರು ಗೊತ್ತಿರಬಹುದು. ಅವೂ ನಮ್ಮಂತೆ ಒಕ್ಕಲುತನದ ಊರುಗಳೇ. ಪುಣೆಯ ಬೆರೆತ ಕಸ ದಶಕಗಟ್ಟಲೆ ಉರುಳಿ ದೇವಾಚಿಯಲ್ಲಿ ಗುಡ್ಡದಂತೆ ಬಿದ್ದಿತು. ರಾಶಿಯಿಂದ ಇಳಿದ ಕಪ್ಪು ನೀರು ನೆಲಕ್ಕೆ ಇಂಗಿ ಬಾವಿಗಳು ಕೆಟ್ಟವು, ಊರಿಗೆ ಟ್ಯಾಂಕರ್ ನೀರು ಬರಬೇಕಾಯಿತು. ರಾಶಿಯಲ್ಲಿ ಹುಟ್ಟುವ ಅನಿಲಕ್ಕೆ ಕಿಚ್ಚು ಹತ್ತಿ ಹೊಗೆ ಹಬ್ಬಿತು. ಊರವರು ಹಲವು ಸಲ ಕಸದ ಗಾಡಿಗಳನ್ನು ತಡೆದು ನಿಲ್ಲಿಸಿದರು. ಶಹರದ ಮನೆಗಳಲ್ಲಿ ಎರಡು ಬುಟ್ಟಿ ಇಡದ ಬೇಸರದ ದಂಡವನ್ನು ತೆತ್ತವರು ರೈತರು.

ಇಂಥ ಹಳೆಯ ರಾಶಿಗಳನ್ನು ಈಗ ಅನೇಕ ಶಹರಗಳಲ್ಲಿ ಅಗೆದು ಜರಡಿ ಹಿಡಿದು ತೆಗೆಯುತ್ತಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಜರಡಿಯ ಕೆಳಗೆ ಬೀಳುವ ಕಪ್ಪು ಪುಡಿಮಣ್ಣು ನೋಡಲು ಥೇಟ್ ಗೊಬ್ಬರದಂತೆ ಇರುತ್ತದೆ. ವರ್ಷಗಟ್ಟಲೆ ಸೆಲ್, ಬಣ್ಣ, ಔಷಧಿಗಳ ಜೊತೆ ಕೊಳೆತ ಮಣ್ಣು ಅದು. ಪರೀಕ್ಷೆ ಇಲ್ಲದೆ ಅದನ್ನು ಹೊಲಕ್ಕೆ ಹಾಕಿಸಿಕೊಳ್ಳಬೇಡಿರಿ, ಪುಕ್ಕಟೆ ಕೊಟ್ಟರೂ ಬೇಡ.

ನನ್ನಿಂದಾದ ತಪ್ಪು

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನೌಕರಿಗೆ ಸೇರಿದ ಹೊಸದರಲ್ಲಿ ಒಂದು ಶಹರದಿಂದ ಅಗ್ಗದ ಗೊಬ್ಬರ ಸಿಗುತ್ತದೆಂದು ಕೇಳಿ, ಒಬ್ಬ ಹಿರಿಯ ಸಭಾಸದರ ಬೀಜದ ಪ್ಲಾಟಿಗೆ ನಾನೇ ನಿಂತು ನಾಲ್ಕು ಟ್ರಾಲಿ ಹಾಕಿಸಿದೆ. ಬಣ್ಣ ಕಪ್ಪಗಿತ್ತು, ಪುಡಿಯಾಗಿತ್ತು. ಮುಷ್ಟಿಯಲ್ಲಿ ಹಿಡಿದು ನೋಡಿ ಒಳ್ಳೆಯದೆಂದೆ. ಜರಡಿ ಹಿಡಿದು ನೋಡಲಿಲ್ಲ, ಪರೀಕ್ಷೆಗೂ ಕಳಿಸಲಿಲ್ಲ. ಮೊದಲನೆಯ ಕಳೆ ತೆಗೆಯುವಾಗ ಆಳಿನ ಹೆಣ್ಣುಮಗಳೊಬ್ಬಳ ಅಂಗಾಲಿಗೆ ಗಾಜು ಹೊಕ್ಕು ಹೊಲಿಗೆ ಹಾಕಿಸಬೇಕಾಯಿತು. ಆಮೇಲೆ ಆ ಹೊಲಕ್ಕೆ ಬರಿಗಾಲಿನಲ್ಲಿ ಇಳಿಯಲು ಯಾರೂ ಒಪ್ಪಲಿಲ್ಲ. ಪ್ರತಿ ನೇಗಿಲ ಸಾಲಿಗೂ ಗಾಜು, ಪ್ಲಾಸ್ಟಿಕ್ ಮೇಲೆ ಬರುತ್ತಲೇ ಇದ್ದವು.

ಆ ಹಿರಿಯರು ನನಗೆ ಒಂದು ಕಟು ಮಾತನ್ನೂ ಆಡಲಿಲ್ಲ. "ಗೊಬ್ಬರ ಹಾಕಿದ್ದು ಒಂದು ದಿನ, ಆರಿಸಿ ತಗಿಯೂದು ಎಷ್ಟ ವರ್ಷೋ" ಎಂದಷ್ಟೇ ಅಂದರು. ಆ ಮಾತು ನನಗೆ ಈಗಲೂ ಮರೆತಿಲ್ಲ. ಅಂದಿನಿಂದ ಪರೀಕ್ಷೆಯಿಲ್ಲದ ಗೊಬ್ಬರವನ್ನು ಯಾರಿಗೂ ಹೇಳಿಲ್ಲ.

ಕೊಳ್ಳುವ ಮುನ್ನ ನೋಡಬೇಕಾದದ್ದು

1. ಎಲ್ಲಿಯ ಕಸ ಎಂದು ಕೇಳಿರಿ. ಮನೆಯಲ್ಲಿಯೇ ಬೇರೆ ಮಾಡಿದ ಹಸಿ ಕಸದ್ದೋ, ಮಂಡಿಯ ಕಸದ್ದೋ, ಬೆರೆತ ಕಸದ್ದೋ? ಬೆರೆತದ್ದಾದರೆ ಮುಂದಿನ ಮಾತು ಬೇಡ.

2. ಪರೀಕ್ಷಾ ಪತ್ರ ನೋಡಿರಿ. ಶಹರ ಕಂಪೋಸ್ಟ್ ಮಾರುವವರು 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸೇರಿಸಿದ ಮಟ್ಟಕ್ಕೆ ಬದ್ಧರು. 2009ರಲ್ಲಿ ಗೊತ್ತುಪಡಿಸಿದ ಮಟ್ಟದಂತೆ ಸಾವಯವ ಇಂಗಾಲ ನೂರಕ್ಕೆ 12ಕ್ಕೆ ಕಡಿಮೆ ಇರಬಾರದು. ಕಿಲೋ ಒಂದಕ್ಕೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ನೂರಕ್ಕೆ 90 ಪಾಲು 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು.

3. ಉಪ್ಪಿನ ಅಂಶ ನೋಡಿರಿ. ಅದೇ ಮಟ್ಟದಂತೆ ಲವಣಾಂಶದ ಅಂಕೆ (ಇ.ಸಿ.) 4 ಮೀರಬಾರದು. ನಮ್ಮ ಕರಿಮಣ್ಣು ಕಾಲುವೆ ನೀರಿನಿಂದ ಮೊದಲೇ ಸವುಳು ಹಿಡಿಯುತ್ತಿದೆ; ಅದರ ಮೇಲೆ ಉಪ್ಪಿನ ಗೊಬ್ಬರ ಬೇಡವೇ ಬೇಡ.

4. ಮನೆಯ ಪರೀಕ್ಷೆ ಮಾಡಿರಿ. ಒಂದು ಬುಟ್ಟಿ ಗೊಬ್ಬರವನ್ನು ಬಕೆಟ್ ನೀರಿನಲ್ಲಿ ಕಲಕಿರಿ. ತೇಲುವ ಪ್ಲಾಸ್ಟಿಕ್, ತಳದಲ್ಲಿ ಕೂಡುವ ಗಾಜು ಕಣ್ಣಿಗೆ ಬೀಳುತ್ತವೆ. ಇನ್ನಷ್ಟು ಗೊಬ್ಬರವನ್ನು ಅರ್ಧ ಮಣ್ಣು ಕೂಡಿಸಿ ಕುಂಡದಲ್ಲಿ ತುಂಬಿ ಜೋಳದ ಕಾಳು ಊರಿರಿ, ಪಕ್ಕದಲ್ಲಿ ಬರೀ ಮಣ್ಣಿನ ಕುಂಡವನ್ನೂ ಇಡಿರಿ. ಗೊಬ್ಬರದ ಕುಂಡದಲ್ಲಿ ಮೊಳಕೆ ಹಿಂದೆ ಬಿದ್ದರೆ ಅದು ಇನ್ನೂ ಕೊಳೆತಿಲ್ಲ, ಇಲ್ಲವೆ ಅದರಲ್ಲಿ ದೋಷವಿದೆ.

5. ಮೊದಲ ವರ್ಷ ಎರಡು ಗುಂಟೆಗೆ ಮಾತ್ರ ಹಾಕಿ ನೋಡಿರಿ.

ಲೆಕ್ಕ ಹೀಗಿದೆ

2009ರ ಮಟ್ಟದಲ್ಲಿ ಸಾರಜನಕ ಕನಿಷ್ಠ ನೂರಕ್ಕೆ 0.8. ಅಂದರೆ ಒಂದು ಟನ್ ಗೊಬ್ಬರದಲ್ಲಿ 8 ಕಿಲೋ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ಅದೂ ಗೊಬ್ಬರದಲ್ಲಿರುವ ಎಂಟು ಕಿಲೋದಲ್ಲಿ ಮೊದಲ ವರ್ಷ ಬೆಳೆಗೆ ಸಿಗುವುದು ಸ್ವಲ್ಪ ಭಾಗ. ಹಾಗಾದರೆ ಗೊಬ್ಬರ ಏಕೆ ಬೇಕು? ಟನ್ನಿಗೆ ಕನಿಷ್ಠ 120 ಕಿಲೋ ಬರುವ ಸಾವಯವ ಇಂಗಾಲಕ್ಕಾಗಿ. ನೆಲ ಸಡಿಲಾಗುವುದು, ನೀರು ಹಿಡಿಯುವುದು, ಹಾಕಿದ ಯೂರಿಯಾ ಕಬ್ಬಿಗೆ ದಕ್ಕುವುದು ಅದರಿಂದ. ಯೂರಿಯಾ ಬಿಡಿಸುವ ಗೊಬ್ಬರ ಎಂದು ಯಾರಾದರೂ ಮಾರಲು ಬಂದರೆ ಈ ಲೆಕ್ಕವನ್ನು ಅವರ ಮುಂದೆ ಇಡಿರಿ.

ನಮ್ಮ ತಿಪ್ಪೆಯ ಮಾತು

ಶಹರದವರಿಗೆ ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಹಿಂದೆ ತಿಪ್ಪೆಗೆ ಬೀಳುತ್ತಿದ್ದುದು ಸೆಗಣಿ, ಬೂದಿ, ದನ ತಿಂದುಳಿದ ಕಣಿಕಿ. ಈಗ ಅದೇ ತಿಪ್ಪೆಯಲ್ಲಿ ಗುಟಕಾ ಚೀಟಿ, ಶಾಂಪೂ ಪುಡಕೆ, ಹಾಲಿನ ಪಾಕೀಟು, ಔಷಧಿ ಡಬ್ಬಿ. ಹೊಲದ ಬದುವಿನ ಮೇಲೆ ಹಾರಿ ಬಿದ್ದ ಪ್ಲಾಸ್ಟಿಕ್ ಪುಣೆಯಿಂದ ಬಂದದ್ದಲ್ಲ. ತಿಪ್ಪೆಯ ಪಕ್ಕ ಒಂದು ಹಳೆಯ ಯೂರಿಯಾ ಚೀಲ ಕಟ್ಟಿ ಒಣ ಕಸ ಅದರಲ್ಲಿ ಹಾಕುವ ರೂಢಿ ಮಾಡಿರಿ. ಕೀಟನಾಶಕದ ಡಬ್ಬಿಯನ್ನಂತೂ ತಿಪ್ಪೆಗೂ ಬಾವಿಯ ಹತ್ತಿರಕ್ಕೂ ಒಯ್ಯಬೇಡಿರಿ.

ಇನ್ನು ದೊಡ್ಡ ಮಾತು: ಕಬ್ಬು ಕಡಿದ ಮೇಲೆ ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ ರವದಿ ಹೊಲದಲ್ಲಿಯೇ ಬೀಳುತ್ತದೆ. ಅದರಲ್ಲಿ ಗಾಜಿಲ್ಲ, ಸೆಲ್ ಇಲ್ಲ, ಸಾಗಾಣಿಕೆ ಖರ್ಚಿಲ್ಲ. ಅದಕ್ಕೆ ಬೆಂಕಿ ಇಟ್ಟು, ಶಹರದ ಗೊಬ್ಬರಕ್ಕೆ ಟ್ರಾಲಿ ಹೂಡುವುದು ಯಾವ ಲೆಕ್ಕ? ಕುಳೆಯಲ್ಲಿ ರವದಿಯನ್ನು ಸಾಲಿನಲ್ಲಿ ಹರವಿ, ಟನ್ನಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಹಾಕಿ ನೀರು ಕೊಡಿರಿ. ಮೊದಲು ಇದನ್ನು ಮಾಡಿರಿ. ಅದರ ಮೇಲೂ ಗೊಬ್ಬರ ಸಾಲದಿದ್ದರೆ ಶಹರದ ಕಡೆ ನೋಡೋಣ.

ಶಹರದ ಗೊಬ್ಬರ ಕೊಳ್ಳುವ ವಿಚಾರ ಇದ್ದ ಸಭಾಸದರು ಟ್ರಾಲಿ ತರುವ ಮೊದಲು ಎರಡು ಕಿಲೋ ಮಾದರಿಯನ್ನು ರಾಶಿಯ ನಾಲ್ಕಾರು ಕಡೆಯಿಂದ ಕೂಡಿಸಿ ಗಟ್ ಕಚೇರಿಗೆ ತಂದು ಕೊಡಬೇಕಾಗಿ ವಿನಂತಿ. ಪರೀಕ್ಷೆಗೆ ಕಳಿಸುವ ವ್ಯವಸ್ಥೆ ನಾವು ಮಾಡುತ್ತೇವೆ. ಉತ್ತರ ಬರುವವರೆಗೆ ದಯವಿಟ್ಟು ತಾಳ್ಮೆಯಿಂದಿರಿ.

ತಮ್ಮ ವಿಶ್ವಾಸಿ,
ಕಬ್ಬು ಅಭಿವೃದ್ಧಿ ಅಧಿಕಾರಿ