ಕಂದುನೆತ್ತಿಯ ಕಿರುಮರಕುಟಿಗ ಮತ್ತು ಒಣಕೊಂಬೆ

ಕಾಪುವಿನ ಕಡಲಂಚಿನಿಂದ ಕಾರ್ಕಳದ ಘಟ್ಟದ ತಪ್ಪಲಿನವರೆಗೆ ಹಬ್ಬಿರುವ ಉಡುಪಿ ಜಿಲ್ಲೆಯ ಮರಕುಟಿಗಗಳಲ್ಲಿ ಕಂದುನೆತ್ತಿಯ ಕಿರುಮರಕುಟಿಗವು ಅತಿ ಚಿಕ್ಕವುಗಳಲ್ಲೊಂದು. 1832ರಲ್ಲಿ ಪಕ್ಷಿತಜ್ಞ ವಿಗರ್ಸ್ ವಿಜ್ಞಾನಕ್ಕೆ ಪರಿಚಯಿಸಿದ ಈ ಹಕ್ಕಿಯ ಶಾಸ್ತ್ರೀಯ ನಾಮ ಯುಂಗಿಪಿಕಸ್ ನಾನಸ್. ಉದ್ದ ಸುಮಾರು 13 ಸೆಂಟಿಮೀಟರ್. ಕಂದು ಬೆನ್ನಿನ ಮೇಲೆ ಬಿಳಿಯ ಪಟ್ಟೆಗಳಿವೆ. ಗಂಡಿನ ನೆತ್ತಿಯ ಹಿಂಬದಿಯ ಇಕ್ಕೆಲಗಳಲ್ಲಿ ಕಿರಿದಾದ ಕೆಂಪು ಗೆರೆಯಿರುತ್ತದೆ.

ಮೈ ಹಗುರವಾದುದರಿಂದ ದೊಡ್ಡ ಮರಕುಟಿಗಗಳು ನಿಲ್ಲಲಾರದ ತೆಳುರೆಂಬೆಗಳಲ್ಲಿಯೂ ಇದು ಕೀಟಗಳನ್ನು ಹುಡುಕಬಲ್ಲದು. ಆದರೆ ಗೂಡಿಗಾಗಿ ಸತ್ತು ಮೆತ್ತಗಾದ ಕೊಂಬೆಯೇ ಬೇಕು. ಅದರಲ್ಲಿ ಪೊಟರೆ ಕೊರೆದು ಮೊಟ್ಟೆಯಿಡುತ್ತದೆ. ಮರಕುಟಿಗಗಳು ತೊರೆದ ಪೊಟರೆಗಳು, ಸ್ವತಃ ಕೊರೆಯಲಾರದ ಇತರ ಹಕ್ಕಿಗಳಿಗೂ ಆಶ್ರಯವಾಗುತ್ತವೆ. ತೋಟ, ಹಾಡಿಗಳನ್ನು ಚೊಕ್ಕಟಗೊಳಿಸಲೆಂದು ಒಣಕೊಂಬೆಗಳನ್ನೆಲ್ಲ ಕಡಿದರೆ, ಮರಗಳು ಹಸಿರಾಗಿ ನಿಂತಿದ್ದರೂ ಈ ಹಕ್ಕಿಗೆ ನೆಲೆಯುಳಿಯದು. ಅಪಾಯವಿಲ್ಲದ ಕಡೆಗಳಲ್ಲಿ ಅವನ್ನು ಹಾಗೆಯೇ ಬಿಡುವುದು ಇದರ ಸಂರಕ್ಷಣೆಯ ಸರಳೋಪಾಯ.